ಸಂಜೆ ಸಂಘದ ಮಾನ್ಯ ಕಾರ್ಯದರ್ಶಿ

ಆ ಹುಡುಗಿಗೆ ಹದಿಮೂರು ವರ್ಷ. ಮನೆಯಲ್ಲಿ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಅವಳಮ್ಮ ಹೊಲಿಗೆ ಕೆಲಸದವಳು. ಮಗಳು ಒಂದು ಮಾತಿಗೆ ಹತ್ತು ಮಾತು ಪೋಣಿಸುವಾಗ ಎಷ್ಟೋ ಸಲ ತೋಳಿನ ಜಾಗಕ್ಕೆ ಜೇಬು ಹೊಲಿದುಬಿಡುತ್ತಿದ್ದಳು. ಶಾಲೆ ಬಿಟ್ಟ ಮೇಲಿನ ಎರಡು ಗಂಟೆಯಾದರೂ ಕಿವಿಗೆ ಬಿಡುವು ಸಿಗಲಿ ಎಂದು ಮಗಳನ್ನು ಗ್ರಂಥಾಲಯದ ಮಹಡಿಯಲ್ಲಿ ನಡೆಯುತ್ತಿದ್ದ ಸಂಜೆ ಸಂಘಕ್ಕೆ ಸೇರಿಸಿದಳು.

ಸಂಘ ನಡೆಸುತ್ತಿದ್ದವಳು ಮೂವತ್ತೈದು ವರ್ಷ ಕಚೇರಿಯಲ್ಲಿ ಟೈಪು ಮಾಡಿ ನಿವೃತ್ತಳಾದ ಒಬ್ಬ ಅಜ್ಜಿ. ಚಿತ್ರ ಬರೆಸುವುದು, ಹಾಡು ಹೇಳಿಸುವುದು ಅವಳಿಗೆ ಬಾರದು. ಬರುತ್ತಿದ್ದುದು ಒಂದೇ, ಅರ್ಜಿ. ಹನ್ನೊಂದು ಮಕ್ಕಳಿಗೂ ಅದನ್ನೇ ಕಲಿಸಿದಳು. ವಿಷಯ ಒಂದೇ ಸಾಲಿನಲ್ಲಿರಬೇಕು. ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳದೆ ಕಚೇರಿಯ ಹೊಸ್ತಿಲು ದಾಟಬಾರದು. ಬೈಗುಳ ನಾಲಗೆಯ ತುದಿಗೆ ಬಂದರೆ ನುಂಗಿಕೊಂಡು ಆ ಜಾಗದಲ್ಲಿ ‘ತಮ್ಮ ಗಮನಕ್ಕೆ ತರಬಯಸುತ್ತೇವೆ’ ಎಂದು ಬರೆಯಬೇಕು. ಜಗಳವಾಡಿಯೂ ಸಭ್ಯಳೆನಿಸಿಕೊಳ್ಳಲು ಇಂಥದೊಂದು ದಾರಿಯಿದೆ ಎಂದು ಲಾಯರಮ್ಮನಿಗೆ ಯಾರೂ ಹೇಳಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವಳೇ ಸಂಘದ ಕಾರ್ಯದರ್ಶಿಯಾದಳು.

ಗ್ರಂಥಾಲಯದ ಹಿಂದೆ ಮಕ್ಕಳ ಆಟದ ಬಯಲಿತ್ತು. ನಗರಸಭೆಯವರು ಅದರ ತುಂಬ ಕಾಂಕ್ರೀಟಿನ ಕೊಳವೆ ಪೇರಿಸಿ ಆರು ವರ್ಷವಾಗಿತ್ತು. ಒಂದು ದಿನ ಕಣ್ಣಾಮುಚ್ಚಾಲೆ ಆಡುತ್ತ ಲಾಯರಮ್ಮನ ತಂಗಿ ಒಂದು ಕೊಳವೆಯೊಳಗೆ ತೂರಿ ಸಿಕ್ಕಿಕೊಂಡಳು. ಸೋಪಿನ ನೀರು ಹುಯ್ದು ಎಳೆದ ಮೇಲೆ ಈಚೆ ಬಂದಳು. ತಂಗಿಗೆ ತರಚಿದ್ದು ಮೊಣಕೈ ಅಷ್ಟೇ, ಅಕ್ಕನಿಗೆ ಮಾತ್ರ ಪಿತ್ತ ನೆತ್ತಿಗೇರಿತು.

ಅಜ್ಜಿಯ ಟೈಪ್‌ರೈಟರಿನಲ್ಲಿ ಅಚ್ಚಾಗಿ, ಅಡಿಯಲ್ಲಿ ‘ಕಾರ್ಯದರ್ಶಿ’ ಎಂಬ ಸಹಿ ಹೊತ್ತು ಮೊದಲ ಅರ್ಜಿ ಮರುದಿನವೇ ನಗರಸಭೆಗೆ ಹೋಯಿತು. ಉತ್ತರವಿಲ್ಲ. ಅದರ ಸಂಖ್ಯೆ ಉಲ್ಲೇಖಿಸಿ ಎರಡನೆಯದು, ಎರಡರ ಪ್ರತಿ ಲಗತ್ತಿಸಿ ಮೂರನೆಯದು. ಕೆಳಗೆ ವಯಸ್ಸು ಬರೆಯಬೇಕೇ ಎಂದು ಒಬ್ಬ ಹುಡುಗ ಕೇಳಿದ.

“ಅವರು ಕೇಳಿದಾರಾ?” ಎಂದಳು ಅಜ್ಜಿ. “ಕೇಳದೆ ಇರೋದನ್ನ ಅರ್ಜಿಲಿ ಬರೀಬಾರದು.”

ಐದನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಒಂದೇ ಸಾಲು ಬಂತು. ಎಂಟನೆಯದು ತಲುಪುವ ಹೊತ್ತಿಗೆ ನಗರಸಭೆಯ ಇಂಜಿನಿಯರು ಟಪಾಲು ಬಂತೆಂದರೆ ಸಾಕು, ಕುರ್ಚಿ ಬಿಟ್ಟು ಎದ್ದುಬಿಡುತ್ತಿದ್ದ. ಇಷ್ಟು ಅಚ್ಚುಕಟ್ಟಾಗಿ ಕಾಡುವವನು ನಿವೃತ್ತ ನ್ಯಾಯಾಧೀಶನೇ ಇರಬೇಕೆಂದು ಗುಮಾಸ್ತನ ಬಳಿ ಗೋಳಾಡಿದ. ಇರಬಹುದು, ಕಾಗದ ತಲುಪಿಸಲು ಪಾಪ ಮೊಮ್ಮಕ್ಕಳನ್ನು ಓಡಿಸುತ್ತಾನೆ ಎಂದು ಗುಮಾಸ್ತನೂ ದನಿಗೂಡಿಸಿದ.

ಕೊನೆಗೊಂದು ಸಂಜೆ ಇಂಜಿನಿಯರು ಇಸ್ತ್ರಿ ಅಂಗಿ ತೊಟ್ಟು ತಾನೇ ಮಹಡಿ ಹತ್ತಿ ಬಂದು, ಕಾರ್ಯದರ್ಶಿಗಳು ಇದ್ದಾರೆಯೇ ಎಂದು ವಿನಯವಾಗಿ ವಿಚಾರಿಸಿದ.

“ನಾನೇ. ಕೂತ್ಕೊಳ್ಳಿ,” ಎಂದಳು ಲಾಯರಮ್ಮ.

ಬೆಂಚು ಚಿಕ್ಕ ಮಕ್ಕಳದು. ಕೂತಾಗ ಅವನ ಮೊಣಕಾಲು ಗಲ್ಲಕ್ಕೆ ತಾಗಿತು. ಅವನು ನಕ್ಕು, ದೊಡ್ಡವರನ್ನು ಕರೆಯಮ್ಮ ಎಂದ. ಮೂಲೆಯಲ್ಲಿ ಟೈಪ್‌ರೈಟರಿನ ರಿಬ್ಬನ್ನು ಬಿಡಿಸುತ್ತಿದ್ದ ಅಜ್ಜಿ ತಲೆಯನ್ನೇ ಎತ್ತಲಿಲ್ಲ. ಲಾಯರಮ್ಮ ಕಡತ ತೆರೆದಳು.

“ಪರಿಶೀಲನೆಯಲ್ಲಿದೆ ಅಂತ ಬರ್ದಿದೀರಿ. ಯಾರು ಪರಿಶೀಲಿಸ್ತಿದಾರೆ?”

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಹತ್ತು ಮಕ್ಕಳು ನಿಂತಿದ್ದರು. ಯಾರೂ ಪರಿಶೀಲಿಸುತ್ತಿಲ್ಲ ಎಂದು ಒಪ್ಪಿಕೊಂಡ. ಅಳತೆ ತಪ್ಪಿ ಬಂದ ಕೊಳವೆಗಳು ಅವು, ಎಲ್ಲಿಗೂ ಹೊಂದುವುದಿಲ್ಲ. ಸಾಗಿಸೋಣವೆಂದರೆ ತಪ್ಪು ಯಾರದೆಂದು ಮೊದಲು ಹೇಳಬೇಕು, ಅದಕ್ಕೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇಷ್ಟನ್ನೂ ಲಾಯರಮ್ಮ ಅವನ ಕೈಯಲ್ಲೇ ಬರೆಸಿ, ತೆರವಿನ ದಿನಾಂಕ ಹಾಕಿಸಿದಳು. ಎಲ್ಲರಿಗಿಂತ ಚಿಕ್ಕವನೊಬ್ಬ ಹೆಬ್ಬೆಟ್ಟು ಒತ್ತಿಸಲು ಶಾಯಿಯ ಡಬ್ಬಿ ಹಿಡಿದು ಓಡಿಬಂದ. ಸಹಿ ಸಾಕು ಎಂದು ಅಜ್ಜಿ ತಡೆದಳು.

ಹೇಳಿದ ದಿನವೇ ಲಾರಿಗಳು ಬಂದವು. ಕೊನೆಯ ಕೊಳವೆ ಮೇಲೆದ್ದಾಗ ಅಡಿಯಲ್ಲಿ ಬೆಳಕು ಕಾಣದೆ ಬಿಳಿಚಿಕೊಂಡಿದ್ದ ಹುಲ್ಲು ಕಂಡಿತು. ಮಿಕ್ಕ ಮಕ್ಕಳು ಕೇಕೆ ಹಾಕಿ ನುಗ್ಗಿದರು. ಇನ್ನು ಜಗಳಕ್ಕೆ ಏನೂ ಉಳಿದಿಲ್ಲವಲ್ಲ ಎಂದು ಲಾಯರಮ್ಮ ಗೋಡೆಯ ಮೇಲೆ ಕೂತೇ ಇದ್ದಳು. ಮನೆಗೆ ಬಂದ ಮೇಲೂ ಅವಳು ತುಟಿ ಬಿಚ್ಚದ್ದನ್ನು ಕಂಡು ಅಮ್ಮ ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು.

ಮುಂದಿನ ವಾರ ಇಂಜಿನಿಯರು ಮತ್ತೆ ಬಂದ. ಈ ಸಲ ಸುಕ್ಕುಗಟ್ಟಿದ ಅಂಗಿ, ಕೈಯಲ್ಲೊಂದು ಕವರು. ಹೆಂಡತಿ ಮಕ್ಕಳಿರುವ ಊರಿಗೆ ವರ್ಗ ಕೇಳಿ ಎಂಟು ವರ್ಷದಿಂದ ಬರೆಯುತ್ತಿದ್ದಾನಂತೆ, ಯಾರೂ ಕ್ಯಾರೇ ಎನ್ನುತ್ತಿಲ್ಲವಂತೆ. ಕಾರ್ಯದರ್ಶಿಗಳು ಒಮ್ಮೆ ಕಣ್ಣಾಡಿಸಬಹುದೇ ಎಂದು ಸಂಕೋಚದಿಂದ ಕೇಳಿದ.

ಲಾಯರಮ್ಮ ಪೂರ್ತಿ ಓದಿದಳು. “ಇದ್ರಲ್ಲಿ ವಿಷಯಾನೇ ಇಲ್ಲ ಸರ್. ಬರೀ ಗೋಳಿದೆ.”

ನಾಲ್ಕು ಸಂಜೆ ಕೂತು ಅವನ ಕೈಯಲ್ಲಿ ನಾಲ್ಕು ಸಲ ತಿದ್ದಿಸಿದರು. ಎರಡು ತಿಂಗಳಿಗೆ ಆದೇಶ ಬಂತು. ಹೊರಡುವ ದಿನ ಅವನು ಹನ್ನೊಂದು ಜನರ ಕೈಯನ್ನೂ ಕುಲುಕಿ, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದ. ಬಯಲಿಗೆ ಕುಡಿಯುವ ನೀರಿನ ನಲ್ಲಿ ಹಾಕಿಸುವುದಾಗಿ ಆ ನಾಲ್ಕು ಸಂಜೆಗಳಲ್ಲೊಮ್ಮೆ ಅವನು ಮಾತು ಕೊಟ್ಟಿದ್ದು ಮಕ್ಕಳಿಗೆ ನೆನಪಾದದ್ದು ಬಸ್ಸು ಹೋದ ಮೇಲೆ.

ಹೊಸ ಇಂಜಿನಿಯರು ಸೋಮವಾರ ಬರುವುದಿತ್ತು. ಪಾಪ, ಕುರ್ಚಿ ಬಿಸಿಯಾಗುವವರೆಗೆ ಒಂದು ವಾರ ಬಿಡಿ ಎಂದಳು ಅಜ್ಜಿ.

“ಮೂರು ದಿನ ಸಾಕು,” ಎಂದು ಲಾಯರಮ್ಮ ಯಂತ್ರಕ್ಕೆ ಹಾಳೆ ಸಿಕ್ಕಿಸಿದಳು.