ಮೂವತ್ತಾರರ ಮುಂದಿನ ಚುಕ್ಕಿ

ಮೂವತ್ತಾರು, ಮೂವತ್ತಾರು, ಮೂವತ್ತಾರು. ಪರದೇಶದ ನೋಮಿ ಎಂಬ ಊರಿನ ಹಾಸ್ಟೆಲ್ ಕೋಣೆಯಲ್ಲಿ ವಸುಧಾಳ ಲ್ಯಾಪ್‌ಟಾಪ್ ಬೆಳಗಿನಿಂದ ಅದೊಂದೇ ಜಪ ಮಾಡುತ್ತಿತ್ತು. ಲ್ಯಾಬಿನಲ್ಲಿ ಯಾರಿಗೋ ಕೊರೋನಾ ಬಂದು ಇವಳಿಗೂ ಕ್ವಾರಂಟೈನ್. ಮೈಗೆ ಅಂಟಿಸುವ ಜ್ವರದ ಸೆನ್ಸರ್ ಇವಳ ಪಿಎಚ್‌.ಡಿ. ವಿಷಯ. ಮಧ್ಯಾಹ್ನದ ಆನ್‌ಲೈನ್ ಸಭೆಯಲ್ಲಿ ಅದರ ಗ್ರಾಫ್ ತೋರಿಸದಿದ್ದರೆ ಪ್ರೊಫೆಸರ್ ಇಡೀ ಪ್ರಯೋಗವನ್ನು ಮುಂದಿನ ವರ್ಷಕ್ಕೆ ತಳ್ಳುವುದು ಖಂಡಿತ. ಅಳತೆಗಳೆಲ್ಲ ಫೈಲಿನಲ್ಲಿ ನೆಟ್ಟಗಿದ್ದವು. ಅವನ್ನು ಓದಬೇಕಾದ ಸಿ ಪ್ರೋಗ್ರಾಮ್ ಮಾತ್ರ ಕೈಕೊಟ್ಟಿತ್ತು. ಈ ಹಾಳಾದ್ದಕ್ಕೆ ಏನು ಬಡಿದಿದೆಯೋ!

ಕೊನೆಗೆ ಸಂಕೋಚ ಬಿಟ್ಟು ಅದೇ ದೇಶದ ಉರಯಾಸು ಊರಿನ ಗುರುರಾಜರಿಗೆ ಕರೆ ಮಾಡಿದಳು. ಸಾಫ್ಟ್‌ವೇರಿನವರು, ಕನ್ನಡಿಗರ ವಾಟ್ಸಾಪ್ ಗುಂಪಿನ ಪರಿಚಯ ಅಷ್ಟೇ, ಮುಖ ಕಂಡವಳಲ್ಲ.

"ಊಟ ಆಯ್ತಾಮ್ಮಾ?"

"ಆಯ್ತು ಸರ್. ಈ ಕೋಡ್ ಸ್ವಲ್ಪ ನೋಡ್ತೀರಾ, ಪ್ಲೀಸ್?"

ಅವಳು ಹಂಚಿಕೊಂಡ ಸ್ಕ್ರೀನ್ ನೋಡಿದ ಗುರುರಾಜರು ನಕ್ಕೇಬಿಟ್ಟರು. "ಅಯ್ಯೋ, ಫೈಲಿಂದ ಅಂಕಿ ಓದೋ ಸ್ಕ್ಯಾನ್‌ಎಫ್‌ಗೆ ಪರ್ಸೆಂಟ್ ಡಿ ಕೊಟ್ಟಿದೀಯಲ್ಲಮ್ಮಾ! ಅಂದ್ರೆ ಪೂರ್ಣಾಂಕ ಮಾತ್ರ ತಾ ಅಂತ. ಫೈಲಲ್ಲಿರೋದು 36.5. ಪಾಪ, ಮೂವತ್ತಾರು ತಗೊಳ್ತು, ಚುಕ್ಕಿ ಕಂಡು ನಿಂತ್ಕೊಳ್ತು. ಚುಕ್ಕೀನ ಬಿಸಾಕಲ್ಲ, ಅಲ್ಲೇ ಬಿಟ್ಟು ಬರುತ್ತೆ. ಮತ್ತೆ ಹೋದ್ರೆ ಮತ್ತದೇ ಚುಕ್ಕಿ. ಬರಿಗೈಲಿ ವಾಪಸ್."

"ಬರಿಗೈ ಆದ್ರೆ ಮೂವತ್ತಾರು ಯಾಕೆ ತೋರಿಸ್ತಿದೆ?"

"ಅದು ಹಳೇ ಉತ್ತರ. ಎಷ್ಟು ಸಿಕ್ತು ಅಂತ ಸ್ಕ್ಯಾನ್‌ಎಫ್ ಪ್ರತಿ ಸಲಾನೂ ಹೇಳುತ್ತೆ. ಈಗ ಸೊನ್ನೆ, ಸೊನ್ನೆ ಅಂತ ಬಡ್ಕೊಳ್ತಿದೆ. ನೀನು ಅದನ್ನ ಕೇಳಿಸ್ಕೊಳ್ದೇ, ಮೊದ್ಲಿದ್ದಿದ್ದನ್ನೇ ಪ್ರಿಂಟ್ ಮಾಡ್ತಿದೀಯ."

ವಸುಧಾ ವೇರಿಯಬಲನ್ನು ದಶಮಾಂಶ ಹಿಡಿಯುವ ‘ಡಬಲ್’ ಬಗೆಗೆ ಬದಲಿಸಿದಳು, ಪರ್ಸೆಂಟ್ ಎಲ್‌ಎಫ್ ಎಂದು ತಿದ್ದಿದಳು. ಸ್ಕ್ಯಾನ್‌ಎಫ್ ಒಂದು ಸಿಕ್ಕಿತು ಎಂದರಷ್ಟೇ ಮುಂದೆ ಹೋಗು ಎಂದೂ ಬರೆದಳು. ಅಂಕಿಗಳು ದಡದಡ ಇಳಿದವು. ಸಭೆಯಲ್ಲಿ ಪ್ರೊಫೆಸರ್ ಗ್ರಾಫ್ ನೋಡಿ ತಲೆಯಾಡಿಸಿ, ಪ್ರಯೋಗ ಮುಂದುವರಿಯಲಿ ಎಂದರು.

ಸಭೆ ಮುಗಿದ ಕೂಡಲೇ ಮತ್ತೆ ಉರಯಾಸುವಿಗೆ ಕರೆ. "ಸರ್, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ."

"ಅದಿರ್ಲಿ. ನಿಜ ಹೇಳು, ಊಟ ಆಯ್ತಾ?"

ಆಯ್ತು ಎಂಬ ಹಳೇ ಉತ್ತರ ನಾಲಗೆ ತುದಿಗೆ ಬಂದಿತ್ತು. ಊರಿಂದ ಅಮ್ಮ ಕೇಳಿದಾಗಲೂ ಅದನ್ನೇ ಹೇಳುತ್ತಿದ್ದಳು. ಈ ಸಲ ಅವಳು ಅದನ್ನು ನುಂಗಿಕೊಂಡಳು.

"ಇಲ್ಲ ಸರ್. ನಿನ್ನೆಯಿಂದ ಬರೀ ಬಿಸ್ಕತ್ತು."

"ಕೋಕಿಲಾ! ಬಾ ಇಲ್ಲಿ," ಎಂದು ಗುರುರಾಜರು ಹೆಂಡತಿಯನ್ನು ಕೂಗಿದರು.

ಕೋಕಿಲಾ ಫೋನ್ ಕಸಿದುಕೊಂಡರು. "ಅಕ್ಕಿ ಇದೆಯಾ? ಬೇಳೆ? ಸರಿ, ತೊಳಿ. ಬಿಸಿ ಬಿಸಿ ಪೊಂಗಲ್ ಮಾಡ್ಸೋದು ನನ್ನ ಜವಾಬ್ದಾರಿ. ನೀನು ಉಣ್ಣೋವರ್ಗೂ ನಾನು ಫೋನ್ ಇಡಲ್ಲ."

ವಸುಧಾಗೆ ಕಣ್ಣು ತುಂಬಿ ಬಂತು. ಫೋನನ್ನು ನಲ್ಲಿಯ ಪಕ್ಕ ಒರಗಿಸಿ, ಅವಳು ಅಕ್ಕಿ ತೊಳೆಯತೊಡಗಿದಳು.