ನಡುಗದ ಕೈ

ತೊಂಬತ್ತೆಂಟನೇ ಇಸವಿಯಲ್ಲಿ, ಗಂಡನ ತಿಥಿಯ ದಿನ, ತುಳಸಮ್ಮನಿಗೆ ಗಂಡನ ನೆನಪೇ ಬರಲಿಲ್ಲ. ತಲೆಯಲ್ಲಿ ಇದ್ದದ್ದು ಮಗನ ಕೈಗಳು. ಹಿಂದಿನ ವರ್ಷ ಇದೇ ಚಾಮರಾಜಪೇಟೆಯ ಮನೆಯಲ್ಲಿ, ನೆಂಟರಿಷ್ಟರ ಎದುರಿಗೆ, ಬೆಳಗಿನಿಂದ ಕುಡಿಯದೆ ಕೂತಿದ್ದ ಶ್ರೀಹರಿಯ ಕೈ ನಡುಗಿ ಪಿಂಡ ನೆಲಕ್ಕೆ ಜಾರಿತ್ತು. "ಪಾಪ, ಅಣ್ಣನಿಗೆ ಆ ತುತ್ತೂ ದಕ್ಕಲಿಲ್ಲ" ಅಂದಿದ್ದ ಮೈದುನ ಬದರೀನಾರಾಯಣ, ಎಲ್ಲರಿಗೂ ಕೇಳುವ ಹಾಗೆ. ಆ ವಾರವೇ ಸೊಸೆ ಸುಪ್ರಜಾ ಮಗಳನ್ನು ಕರೆದುಕೊಂಡು ತ್ಯಾಗರಾಜನಗರದ ತವರಿಗೆ ಹೊರಟುಹೋಗಿದ್ದಳು.

ಈಗ ಶ್ರೀಹರಿ ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿದ್ದು ಬಂದಿದ್ದ. "ಇನ್ನೂ ಕೆಲವು ದಿನ ಕೈ ನಡುಗುತ್ತೆ, ತಲೆ ಕೆಡಿಸ್ಕೋಬೇಡಿ" ಎಂದು ಡಾಕ್ಟರು ಅತ್ತೆ ಸೊಸೆ ಇಬ್ಬರಿಗೂ ಹೇಳಿ ಕಳಿಸಿದ್ದರು. ತಿಥಿಯ ಅಡುಗೆಗೆಂದು ಸುಪ್ರಜಾ ಬಂದಿದ್ದಳು, ಜೊತೆಗೆ ಬಟ್ಟೆಯ ಬ್ಯಾಗೂ ಇತ್ತು. ಉಳಿಯುತ್ತೀಯಾ ಎಂದು ಕೇಳುವ ಧೈರ್ಯ ತುಳಸಮ್ಮನಿಗಾಗಲಿಲ್ಲ. ಇವತ್ತೊಂದು ದಿನ ಮಾನವಾಗಿ ಕಳೆದರೆ ಉಳಿದಾಳು ಎಂದುಕೊಂಡಳು.

ಪುರೋಹಿತ ಶ್ರೀನಿವಾಸಯ್ಯನವರು ದರ್ಭೆ ಬಿಚ್ಚುವ ಹೊತ್ತಿಗೆ ಶ್ರೀಹರಿಯ ಬೆರಳುಗಳು ಪಂಚೆಯ ಅಂಚಿನ ಮೇಲೆ ಕುಣಿಯುತ್ತಿದ್ದವು. ಬದರೀನಾರಾಯಣ ಚೆನ್ನಾಗಿ ಕಾಣುವ ಜಾಗ ನೋಡಿ ಚಾಪೆ ಹಾಕಿಸಿಕೊಂಡಿದ್ದ. ತಿಥಿಗೆ ಹೀಗೂ ಬರುವವರಿರುತ್ತಾರೆ.

ಸೊಸೆ ಹಿತ್ತಲಿಗೆ ಹೋದದ್ದನ್ನು ನೋಡಿ ತುಳಸಮ್ಮ ಮಗನನ್ನು ಉಗ್ರಾಣಕ್ಕೆ ಕರೆದಳು. ಉಪ್ಪಿನಕಾಯಿ ಜಾಡಿಗಳ ಹಿಂದೆ ಅರ್ಧ ಬಾಟಲಿ ಬ್ರಾಂದಿ ಇತ್ತು. ಯಾವತ್ತೋ ಅವನ ಕೈಯಿಂದ ಕಿತ್ತಿಟ್ಟದ್ದು. ಚೆಲ್ಲಿದರೆ ಬಚ್ಚಲೆಲ್ಲ ವಾಸನೆ, ಕಸದ ತೊಟ್ಟಿಗೆ ಹಾಕಿದರೆ ಬೀದಿಗೆಲ್ಲ ಸುದ್ದಿ ಎಂದು ಹಾಗೇ ಬಿಟ್ಟಿದ್ದಳು. ಮಡಿಯಲ್ಲಿದ್ದವಳು ಅದನ್ನು ಮುಟ್ಟಿ ಲೋಟಕ್ಕೆ ಬಗ್ಗಿಸಿದಳು.

"ಬೇಡಮ್ಮ," ಅಂದ ಶ್ರೀಹರಿ. "ನಡುಗಿದ್ರೆ ನಡುಗ್ಲಿ ಬಿಡು. ಎಲ್ರಿಗೂ ಗೊತ್ತಿರೋದೇ ತಾನೆ."

"ಒಂದೇ ಗುಟುಕು ಕಣೋ. ಔಷಧಿ ಅಂದ್ಕೋ."

"ತಿಥಿ ಮಾಡೋನು, ಖಾಲಿ ಹೊಟ್ಟೇಲಿ ಇದನ್ನ ಕುಡೀಲಾ?"

"ನಿನ್ನ ಹೆಂಡ್ತಿ ಉಳ್ಕೋಬೇಕೋ ಬೇಡ್ವೋ?"

ಅವನು ತಾಯಿಯ ಕೈಯಿಂದ ಲೋಟ ತೆಗೆದುಕೊಂಡ. ಕುಡಿದ. ಗುಟುಕಲ್ಲ, ಪೂರ್ತಿ. ತುಳಸಮ್ಮ ಲೋಟ ತೊಳೆದಿಟ್ಟು, ಒಲೆಯ ಮುಂದೆ ಹೋಗಿ ವಡೆ ತಟ್ಟತೊಡಗಿದಳು. ಮತ್ತೆ ಸ್ನಾನ ಮಾಡಬೇಕಿತ್ತು, ಮಾಡಲಿಲ್ಲ. ಜೀವಮಾನವೆಲ್ಲ ಮೈಲಿಗೆಗೆ ಹೆದರಿದವಳಿಗೆ ಈಗ ಹೆದರಿಕೆ ಆಗಲಿಲ್ಲ, ನಾಚಿಕೆ ಆಗಲಿಲ್ಲ, ಏನೂ ಆಗಲಿಲ್ಲ. ವಡೆ ಕೆಂಪಗೆ ಬೆಂದವು.

ಕರ್ಮ ಸಾಂಗವಾಗಿ ನಡೆಯಿತು. ತುಪ್ಪದ ಹೊಗೆಯಲ್ಲಿ ಬೇರೆ ವಾಸನೆ ಯಾರ ಮೂಗಿಗೂ ತಟ್ಟಲಿಲ್ಲ. ಶ್ರೀಹರಿ ಬಿಟ್ಟ ಎಳ್ಳುನೀರು ಹೆಬ್ಬೆರಳ ಬುಡದಿಂದ ನೆಟ್ಟಗೆ ಇಳಿಯಿತು. ಪಿಂಡಗಳು ಇಟ್ಟಲ್ಲೇ ಕೂತವು. "ಹುಡುಗ ರಿಪೇರಿ ಆಗ್ಬಿಟ್ಟ ಕಣ್ರೀ ಅತ್ತಿಗೆ" ಎಂದು ಬದರೀನಾರಾಯಣನೂ ಒಪ್ಪಿಕೊಂಡು ಇನ್ನೆರಡು ಎಳ್ಳುಂಡೆ ಹಾಕಿಸಿಕೊಂಡ. ಸುಪ್ರಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡಿದಳು.

ನೆಂಟರು ಹೋದಮೇಲೆ ಎಲೆ ತೆಗೆದು, ನೆಲ ಸಾರಿಸಿ, ಬ್ಯಾಗು ಎತ್ತಿಕೊಂಡಳು.

"ಹೊರಟ್ಯಾ? ಎಷ್ಟು ಚೆನ್ನಾಗಿ ಮಾಡ್ದ, ನೋಡಿದ್ಯಲ್ಲ?" ಅಂದಳು ತುಳಸಮ್ಮ.

"ನೋಡ್ದೆ ಅತ್ತೆ. ಕೈ ಒಂದು ಚೂರೂ ನಡುಗ್ಲಿಲ್ಲ." ಸುಪ್ರಜಾ ದನಿ ಏರಿಸಲಿಲ್ಲ. "ಇಷ್ಟು ವರ್ಷ ಅವರ ಜೊತೆ ಬಾಳಿದೀನಿ. ಕುಡಿದ್ರೆ ಮಾತ್ರ ಆ ಕೈ ನಿಲ್ಲೋದು. ನಡುಗಿದ್ದಿದ್ರೆ ಉಳ್ಕೋತಿದ್ದೆ."

"ತಪ್ಪು ಅವನದ್ದಲ್ಲಮ್ಮ. ಬೇಡ ಬೇಡ ಅಂದ. ನಾನೇ ಕುಡಿಸ್ದೆ. ಈ ಕೈಯಾರೆ ಬಗ್ಗಿಸಿಕೊಟ್ಟೆ."

ಸುಪ್ರಜಾಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ಅವರು ಬಚ್ಚಲಲ್ಲಿ ಬಿದ್ದಾಗ ನೆಲ ಒದ್ದೆ ಮಾಡಿದ್ದು ನಾನೇ ಕಣಮ್ಮ ಅಂದ್ರಿ. ನನ್ನ ಬಳೆ ಮಾಯವಾದಾಗ ಎಲ್ಲೋ ಕಳೆದಿದ್ದು ನಾನೇ ಕಣಮ್ಮ ಅಂದ್ರಿ. ಮಡೀಲಿರೋ ನೀವು ಅದನ್ನ ಮುಟ್ತೀರಾ? ಇದೊಂದನ್ನಾದ್ರೂ ಅವರ ಮೇಲೇ ಬಿಡಿ, ಅತ್ತೆ."

ಹೋಗಿ ಬರ್ತೀನಿ ಅನ್ನಲಿಲ್ಲ. ಹೋಗ್ತೀನಿ ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಕೋಣೆಯಲ್ಲಿ ಮಲಗಿದ್ದ ಶ್ರೀಹರಿ ಕೂಗಿದ. "ಅಮ್ಮಾ, ಸುಪ್ರಜಾ ಉಳ್ಕೊಂಡ್ಲಾ?"

ತುಳಸಮ್ಮ ಬಾಯಿ ತೆರೆದಳು. ಹೇಳುವುದಕ್ಕೆ ಒಂದು ಸುಳ್ಳೂ ಹೊಳೆಯಲಿಲ್ಲ.