ಸೂರ್ಯನಿಲ್ಲದ ಊರಿನ ಕಾಗದಗಳು

ನಾರ್ವೆಯ ಉತ್ತರ ತುದಿಯ ವಾರ್ಡೊ ಊರಿನ ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದ ಬೋರ್ಗಿಲ್ಡ್‌ಗೆ ೧೯೭೮ರಲ್ಲಿ ಪರದೇಶದ ರಾಜಕೀಯ ಕೈದಿಗಳ ಮನೆಯವರಿಗೆ ಗುಟ್ಟಾಗಿ ನೆರವಾಗುವ ಸಮಿತಿಯವರು ಒಂದು ಕೆಲಸ ಒಪ್ಪಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರಕ್ಕೆ ಎದುರು ನಿಂತು ಜೈಲು ಸೇರಿದ್ದ ಜೊಲೀಲೆ ಎಂಬುವನ ಹೆಂಡತಿ ನೊಸಿಪೊಗೆ ತಿಂಗಳಿಗೊಂದು ಕಾಗದ ಬರೆಯಬೇಕು, ಜೊತೆಗೆ ಸಮಿತಿ ಕೊಡುವ ನೆರವು ಕಳಿಸಬೇಕು. ಸಮಿತಿ, ಜೈಲು, ರಾಜಕೀಯ ಯಾವುದರ ಮಾತೂ ಎತ್ತಕೂಡದು. ಅಲ್ಲಿನ ಪೊಲೀಸರು ಕಾಗದ ಒಡೆದು ಓದುತ್ತಾರೆ.

"ಮತ್ತೇನು ಬರೀಲಿ?" ಎಂದಳು.

"ಹವಾಮಾನ ಬರಿ," ಎಂದರು ಸಮಿತಿಯಲ್ಲಿದ್ದ ಶಾಲೆಯ ಮೇಷ್ಟ್ರು ಅರ್ನ್‌ಫಿನ್.

ವಾರ್ಡೊದಲ್ಲಿ ಹವಾಮಾನಕ್ಕೆ ಬರವಿರಲಿಲ್ಲ. ಬೋರ್ಗಿಲ್ಡ್ ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲಿ ಗಾಳಿಯ ಬಗ್ಗೆ, ಮೀನಿನ ಬಗ್ಗೆ ಬರೆದಳು. ಡಿಸೆಂಬರಿನಲ್ಲಿ ಬರೆದದ್ದು ಇಷ್ಟು: "ಸೂರ್ಯ ಕಾಣೆಯಾಗಿ ನಾಲ್ಕು ವಾರ. ಜನವರಿಯಲ್ಲಿ ಬಂದೇ ಬರುತ್ತಾನೆ. ಅವನು ಬರುವ ದಿನ ಶಾಲೆಗೆ ರಜೆ."

ನೊಸಿಪೊಳ ಉತ್ತರ ಚುಟುಕಾಗಿತ್ತು: "ಈ ಸೂರ್ಯ ಯಾರು ಎಂದು ಇಲ್ಲಿ ಕೆಲವರು ಕೇಳುತ್ತಿದ್ದಾರೆ."

ಬೋರ್ಗಿಲ್ಡ್‌ಗೆ ಕೇಳುತ್ತಿರುವವರು ಪೊಲೀಸರೆಂದು ಅರ್ಥವಾಯಿತು. ಅನುಮಾನ ಕಳೆಯಲೆಂದು ಪಂಚಾಂಗದಿಂದ ಸೂರ್ಯೋದಯದ ವೇಳೆಗಳ ಹಾಳೆ ಹರಿದು ಕಳಿಸಿದಳು. ಹಾಳೆಯ ತುಂಬ ಬರೀ ಅಂಕಿಗಳು.

೧೯೮೪ರಲ್ಲಿ ಜೊಲೀಲೆ ಜೈಲಿನಲ್ಲೇ ತೀರಿಕೊಂಡನೆಂದು ಮೇಷ್ಟ್ರು ಬಂದು ಹೇಳಿದರು. ಕಾಗದಗಳ ಲೆಕ್ಕದಲ್ಲಿ ಅವನು ಜೈಲಿನಲ್ಲಿದ್ದದ್ದೇ ಬೋರ್ಗಿಲ್ಡ್‌ಗೆ ಗೊತ್ತಿರಬಾರದು. ಇನ್ನು ಸಂತಾಪ ಹೇಳುವುದು ಹೇಗೆ? ಮೂರು ದಿನ ಪೆನ್ನು ಹಿಡಿದು ಕೂತಳು. ಕೊನೆಗೆ ಬರೆದಳು: "ನನ್ನ ಗಂಡನ ದೋಣಿ ಸಮುದ್ರದಿಂದ ಮರಳದೆ ಈ ತಿಂಗಳಿಗೆ ಇಪ್ಪತ್ತು ವರ್ಷ. ಆಮೇಲೂ ಬಹಳ ದಿನ ನಾನು ಇಬ್ಬರಿಗೆ ಕಾಫಿ ಕಾಸುತ್ತಿದ್ದೆ. ಇಲ್ಲಿ ಗಾಳಿ ಜೋರಾಗಿದೆ."

೧೯೯೧ರಲ್ಲಿ ಓಸ್ಲೋಗೆ ಸಭೆಗೆಂದು ಬಂದ ನೊಸಿಪೊ ಹುಡುಕಿಕೊಂಡು ವಾರ್ಡೊಗೂ ಬಂದಳು. ದಪ್ಪ ಕೋಟು ಬಿಚ್ಚದೆಯೇ ಅಡುಗೆಮನೆಯ ಮೇಜಿಗೆ ಕೂತಳು.

"ಆ ಅಂಕಿ ಹಾಳೆ ಕಳಿಸಿದ್ರಲ್ಲಕ್ಕಾ, ಅದಕ್ಕೆ ನನ್ನ ಎರಡು ದಿನ ಠಾಣೇಲಿ ಕೂರಿಸಿದ್ರು."

"ನಿಂಗೆ ಅನುಕೂಲ ಆಗ್ಲಿ ಅಂತ ಕಳಿಸಿದ್ದೆ ಕಣೇ."

"ಗೊತ್ತು. ಗುಪ್ತಲಿಪಿ ಅಂದ್ಕೊಂಡ್ರು. ಕೊನೆಗೆ ಭೂಗೋಳದ ಮೇಷ್ಟ್ರನ್ನ ಕರೆಸಿದ್ರು. ಅವರು ಒಂದು ಕಿತ್ತಳೆಹಣ್ಣು ಹಿಡ್ಕೊಂಡು, ಭೂಮಿ ಓರೆಯಾಗಿದೆ ಅಂತ ತಿಳಿಸಿ ಹೇಳಿದ್ರು. ಸಾಹೇಬ ಬಹಳ ಹೊತ್ತು ಯೋಚನೆ ಮಾಡಿ, ಅಂಥ ಊರಲ್ಲಿ ಜನ ಯಾಕೆ ಇದಾರೆ ಅಂತ ಕೇಳ್ದ."

"ಅದು ನಮಗೂ ಗೊತ್ತಿಲ್ಲ," ಎಂದಳು ಬೋರ್ಗಿಲ್ಡ್.

ಹದಿಮೂರು ವರ್ಷ ಕಾಗದಗಳಲ್ಲಿ ಅವರು ಹೆಚ್ಚಾಗಿ ಗಾಳಿ, ಮೀನಿನ ಮಾತನ್ನೇ ಆಡಿದ್ದರು. ಬೋರ್ಗಿಲ್ಡ್ ಮೇಜಿನ ಬಟ್ಟೆಯ ಸುಕ್ಕು ನೀವುತ್ತಾ ಕೇಳಿದಳು:

"ಜೊಲೀಲೆ ಹೇಗಿದ್ದ?"

ಆ ಹೆಸರನ್ನು ಅವಳು ನೊಸಿಪೊಳೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಉದ್ದಕ್ಕಿದ್ದ," ಎಂದಳು ನೊಸಿಪೊ. "ಹಾಡೋಕೆ ಬರ್ತಿರ್ಲಿಲ್ಲ. ಆದ್ರೂ ಬಿಡ್ತಿರ್ಲಿಲ್ಲ, ಹಾಡ್ತಿದ್ದ."

ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಮುಂದುವರಿಸಿದಳು. ಬೋರ್ಗಿಲ್ಡ್ ಒಮ್ಮೆ ಮಾತ್ರ ಎದ್ದು ಆಲೂಗೆಡ್ಡೆ ಬೇಯಲು ಇಟ್ಟು ಬಂದಳು.